ಅಕ್ಕಿಗೆ ಕಬ್ಬಿಣ ಬೆರೆಸಿದರೆ ಊಟವಾಯಿತೇ?

ಪಡಿತರದ ಅಕ್ಕಿಯಲ್ಲಿ ‘ಪ್ಲಾಸ್ಟಿಕ್’ ಇದೆ ಎಂಬ ಗುಲ್ಲು ರಾಜ್ಯದ ಎಷ್ಟೋ ತಾಲ್ಲೂಕುಗಳಲ್ಲಿ ಎದ್ದು ಅಡಗಿದೆ, ಮತ್ತೆ ಎದ್ದಿದೆ. ಮೊರದಲ್ಲಿ ಕೇರುವಾಗ ಕೆಲವು ಕಾಳು ಕಣ್ಣಿಗೆ ಬೀಳುತ್ತವೆ. ಬಣ್ಣ ತುಸು ಬೇರೆ, ಮೈ ನುಣುಪು, ತೊಳೆಯಲು ನೀರಿಗೆ ಹಾಕಿದರೆ ತೇಲುತ್ತವೆ. ಹೆಂಗಸರು ಆರಿಸಿ ತಿಪ್ಪೆಗೆ ಎಸೆಯುತ್ತಾರೆ. ಆಹಾರ ಇಲಾಖೆಯವರು ಬಂದು, ಇದು ಪ್ಲಾಸ್ಟಿಕ್ ಅಲ್ಲ, ಸಾರವರ್ಧಿತ ಅಕ್ಕಿ, ತಿಂದರೆ ರಕ್ತ ಹೆಚ್ಚುತ್ತದೆ ಎಂದು ತಿಳಿಹೇಳಿ ಹೋಗುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ ಎಂಬುದೇನೋ ನಿಜ. ಆದರೆ ನಮ್ಮ ಮನೆಯ ಅನ್ನಕ್ಕೆ ಏನು ಬೆರೆಸಿದ್ದೀರಿ, ಯಾರನ್ನು ಕೇಳಿ ಬೆರೆಸಿದಿರಿ ಎಂಬ ಪ್ರಶ್ನೆಯೂ ಆ ಗುಲ್ಲಿನೊಳಗೆ ಇದೆ. ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಕೇಳಿದವರನ್ನು ತಿಳಿವಳಿಕೆ ಇಲ್ಲದವರು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಆ ಕಾಳು ತಯಾರಾಗುವ ಬಗೆ ಹೀಗೆ. ನುಚ್ಚಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣದ ಲವಣ, ಫೋಲಿಕ್ ಆಮ್ಲ, ಬಿ12 ಜೀವಸತ್ವದ ಪುಡಿ ಕಲಸಿ, ಯಂತ್ರದ ಅಚ್ಚಿನಿಂದ ಅಕ್ಕಿಯ ಆಕಾರದಲ್ಲೇ ಒತ್ತಿ ತೆಗೆಯುತ್ತಾರೆ. ಮಾಮೂಲಿ ಅಕ್ಕಿಯ ನೂರು ಪಾಲಿಗೆ ಇದನ್ನು ಒಂದು ಪಾಲು ಸೇರಿಸುತ್ತಾರೆ. 2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಿಂದ ಈ ಅಕ್ಕಿಯ ಯೋಜನೆಯನ್ನು ಘೋಷಿಸಿದರು. 2024ರ ಹೊತ್ತಿಗೆ ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟ ಎಲ್ಲಕ್ಕೂ ಇದೇ ಅಕ್ಕಿ ಎಂದಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ 2028ರ ಡಿಸೆಂಬರ್‌ವರೆಗೆ ಇದನ್ನು ಮುಂದುವರಿಸಲು 17,082 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ ಹೆಚ್ಚುಕಡಿಮೆ 3,800 ಕೋಟಿ.

ಈ ಹಣ ತಪ್ಪು ಜಾಗಕ್ಕೆ ಹೋಗುತ್ತಿದೆ ಎಂಬುದೇ ನನ್ನ ತಕರಾರು. ಮೈಸೂರು ಜಿಲ್ಲೆಯ ಸೋಮನಾಥಪುರದ ಸುತ್ತಿನ ನಮ್ಮ ಸೀಮೆಯನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಭತ್ತದಲ್ಲಿ ಕಬ್ಬಿಣ ಮತ್ತು ಬಿ ಜೀವಸತ್ವಗಳು ಹೆಚ್ಚಾಗಿ ಇರುವುದು ತೌಡಿನಲ್ಲಿ. ಮಿಲ್ಲಿನವರು ಅದನ್ನು ಉಜ್ಜಿ ತೆಗೆದು ಎಣ್ಣೆಗೂ ದನದ ಮೇವಿಗೂ ಕಳಿಸುತ್ತಾರೆ. ಬೆಳ್ಳಗಾದ ಅಕ್ಕಿಗೆ ಸರ್ಕಾರ ಕಾರ್ಖಾನೆಯ ಕಬ್ಬಿಣ ತಂದು ಸೇರಿಸುತ್ತದೆ. ಪಾಲಿಶ್ ಅಕ್ಕಿಯ ಕೇಡು ಜಗತ್ತಿಗೆ ಹೊಸದಲ್ಲ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಬಿಳಿ ಅಕ್ಕಿ ತಿಂದು ಕಾಲು ಸೋತ ಕೋಳಿಗಳು ತೌಡು ಉಳಿದಿದ್ದ ಅಕ್ಕಿ ತಿಂದು ಚೇತರಿಸಿಕೊಂಡದ್ದನ್ನು ಕಂಡರು. ಬೆರಿಬೆರಿ ರೋಗದ ಗುಟ್ಟು ಬಿಚ್ಚಿಕೊಂಡದ್ದು ಅಲ್ಲಿಂದ. 1929ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್, ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟವನ್ನು ಇಲಿಗಳಿಗೆ ಹಾಕಿ ನೋಡಿದರು. ರೊಟ್ಟಿ, ಬೇಳೆ, ಹಾಲು, ತರಕಾರಿ ತಿಂದವು ದಷ್ಟಪುಷ್ಟವಾಗಿ ಬೆಳೆದವು, ಅಕ್ಕಿಯೇ ಹೆಚ್ಚಿದ್ದ ಊಟ ತಿಂದವು ಸೊರಗಿದವು. ಆ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿಗೆ ಹೋಗಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದು 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಾನು ಮುಂದೆ ಹೇಳುವ ರಾಗಿ ಮತ್ತು ಬಿಳಿ ಅಕ್ಕಿಯ ಲೆಕ್ಕ ಅದರಿಂದಲೇ ಬಂದದ್ದು.

ಸಾರವರ್ಧಿತ ಅಕ್ಕಿಯ ಒಂದು ಕೆ.ಜಿ.ಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕೆಂದು ನಿಯಮ. ತಿಂಗಳಿಗೆ ಒಬ್ಬರಿಗೆ 5 ಕೆ.ಜಿ. ಎಂದರೆ ದಿನಕ್ಕೆ 167 ಗ್ರಾಂ. ಅದರಿಂದ ಸಿಗುವ ಕಬ್ಬಿಣ 5ರಿಂದ 7 ಮಿಲಿಗ್ರಾಂ. ಈಗ 150 ಗ್ರಾಂ ರಾಗಿ ಹಿಟ್ಟು ತೆಗೆದುಕೊಳ್ಳಿ, ಎರಡು ಹೊತ್ತಿನ ಮುದ್ದೆ. ಅದರಲ್ಲೂ ಸುಮಾರು 7 ಮಿಲಿಗ್ರಾಂ ಕಬ್ಬಿಣ ಇದೆ. ಜೊತೆಗೆ 500 ಮಿಲಿಗ್ರಾಂಗೂ ಮೀರಿದ ಸುಣ್ಣದಂಶ; ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಣ್ಣದಂಶ 12 ಮಿಲಿಗ್ರಾಂ ಮುಟ್ಟುವುದಿಲ್ಲ. ರಾಗಿಯ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ತಡೆಯುತ್ತವೆ ಎಂದು ಪರಿಣತರು ಹೇಳುತ್ತಾರೆ. ನಿಜ. ಅಕ್ಕಿಗೆ ಬೆರೆಸುವ ಫೆರಿಕ್ ಪೈರೋಫಾಸ್ಫೇಟ್ ಕೂಡ ಸುಲಭವಾಗಿ ಹೀರಿಕೊಳ್ಳುವ ಲವಣವೇನಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹುರಿದರೆ ಫೈಟೇಟ್ ಇಳಿಯುತ್ತದೆ. ಊಟದ ಜೊತೆ ನಿಂಬೆಯೋ ನೆಲ್ಲಿಯೋ ಇದ್ದರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ರಾಗಿಯನ್ನು ಹೊಗಳುವ ಭರದಲ್ಲಿ ಇನ್ನೊಂದನ್ನು ಮುಚ್ಚಿಡಬಾರದು: ಅದರ ಪ್ರೋಟೀನು ಅಕ್ಕಿಗಿಂತ ಹೆಚ್ಚೇನಿಲ್ಲ, ತುಸು ಕಡಿಮೆಯೇ.

ಆದರೆ ನಮ್ಮಲ್ಲಿ ಯಾರೂ ಬರಿ ರಾಗಿ ಬೆಳೆಯುತ್ತಿರಲಿಲ್ಲ. ಮಳೆ ನಂಬಿದ ಹೊಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಇರುತ್ತಿತ್ತು: ಅವರೆ, ತೊಗರಿ, ಹಲಸಂದೆ, ಜೋಳ, ಹುಚ್ಚೆಳ್ಳು. ಹಿಂಗಾರಿಗೆ ಹುರುಳಿ. ರಾಗಿಯಲ್ಲಿ ಕೊರತೆಯಾದ ಪ್ರೋಟೀನನ್ನು ಅದೇ ಹೊಲದ ಕಾಳು ತುಂಬುತ್ತಿತ್ತು, ಎಣ್ಣೆಯನ್ನು ಹುಚ್ಚೆಳ್ಳು ಕೊಡುತ್ತಿತ್ತು. ಬದುವಿನಲ್ಲಿ, ಸಾಲುಗಳ ನಡುವೆ ತಾವಾಗಿ ಹುಟ್ಟುತ್ತಿದ್ದ ಅಣ್ಣೆ, ಕೀರೆ, ಗಣಿಕೆ, ಹೊನಗನ್ನೆ, ಗೋಣಿ ಸೊಪ್ಪನ್ನು ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬಾ ತರುತ್ತಿದ್ದರು. ಅದೇ ಬೆರಕೆ ಸೊಪ್ಪು. ಸಂಜೆಗೆ ಬಸ್ಸಾರೋ ಮಸ್ಸೊಪ್ಪೋ ಉಪ್ಸಾರೋ ಆಗುತ್ತಿತ್ತು. ಇದಕ್ಕೆ ಕಾಸು ಬೇಕಿರಲಿಲ್ಲ. ಈ ಊಟವನ್ನು ಯಾವ ಇಲಾಖೆಯೂ ರೂಪಿಸಲಿಲ್ಲ, ಯಾವ ಇಲಾಖೆಯ ಲೆಕ್ಕಕ್ಕೂ ಅದು ಬರಲಿಲ್ಲ. ಆದ್ದರಿಂದಲೇ ಅದು ಅಳಿದಾಗಲೂ ಯಾರ ಕಡತದಲ್ಲೂ ದಾಖಲಾಗಲಿಲ್ಲ. ಇಂದು ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ ಕಳೆಯೂ ಇಲ್ಲ, ಸೊಪ್ಪೂ ಇಲ್ಲ.

ಹಳೆಯ ಕಾಲ ಸುಖವಾಗಿತ್ತೆಂದು ಹೇಳುತ್ತಿಲ್ಲ. ಮಳೆ ಕೈಕೊಟ್ಟರೆ ಹಸಿವೇ ಗತಿ. ಹೊಲವಿಲ್ಲದವರಿಗೆ ಮಳೆಯಾದರೂ ಹಸಿವೇ. ಕಬಿನಿಯ ನೀರು, ವರುಣಾ ನಾಲೆಯ ನೀರು ನಂಜನಗೂಡು, ತಿ. ನರಸೀಪುರದ ಕಡೆ ಹರಿದದ್ದು ದೊಡ್ಡ ಉಪಕಾರ. ಆದರೆ ನಾಲೆಯ ಹಿಂದೆಯೇ ಭತ್ತ ಬಂತು, ಕಬ್ಬು ಬಂತು, ಅಕ್ಕಡಿ ಹೋಯಿತು. ಕೌಲಂದೆಯಂಥ ಒಣ ಹೋಬಳಿಗಳಲ್ಲಿ ಉಳಿದಿರುವುದನ್ನಾದರೂ ಉಳಿಸಿಕೊಳ್ಳಬೇಕಾದರೆ ರೈತನಿಗೆ ಬೆಲೆ ಸಿಗಬೇಕು. ರಾಗಿಗೆ 2025–26ರಲ್ಲಿ ಕ್ವಿಂಟಲ್‌ಗೆ 4,886 ರೂಪಾಯಿ ಬೆಂಬಲ ಬೆಲೆ ಇತ್ತು, ಸಾಮಾನ್ಯ ಭತ್ತದ 2,369ರ ಎರಡರಷ್ಟು. ಒಳ್ಳೆಯದೇ. ಹುರುಳಿಗೆ ಎಷ್ಟು? ಅವರೆಗೆ ಎಷ್ಟು? ಕೇಂದ್ರ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ಇವೆರಡರ ಹೆಸರೇ ಇಲ್ಲ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಘೋಷಿಸಿದ್ದೇ ಭಾರತದ ಕೋರಿಕೆಯ ಮೇಲೆ. ಆ ವರ್ಷ ಮೇಳಗಳಲ್ಲಿ ರಾಗಿ ಬಿಸ್ಕತ್ತು, ರಾಗಿ ಲಡ್ಡು ಚೆನ್ನಾಗಿ ಮಾರಾಟವಾಯಿತು. ರಾಗಿಯ ಪಕ್ಕದ ಸಾಲಿನಲ್ಲಿದ್ದ ಕಾಳನ್ನು ಕೇಳುವವರಿರಲಿಲ್ಲ.

ಸಾರವರ್ಧಿತ ಅಕ್ಕಿಯ ಪರ ಮಾತಾಡುವವರ ಕೈಯಲ್ಲಿ ಒಂದು ಗಟ್ಟಿಯಾದ ಅಂಕಿ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸುತ್ತಿಗಿಂತ ಎರಡೂ ಏರಿವೆ. ಇಷ್ಟು ದೊಡ್ಡ ಕೊರತೆಗೆ ಎಲ್ಲರೂ ತಿನ್ನುವ ಅಕ್ಕಿಯೇ ಸುಲಭದ ದಾರಿ, ಜನರ ರೂಢಿ ಬದಲಿಸಬೇಕಿಲ್ಲ, ಖರ್ಚೂ ಕಡಿಮೆ ಎನ್ನುತ್ತಾರೆ. ಅಯೋಡಿನ್ ಉಪ್ಪು ಗೆದ್ದಿತಲ್ಲ ಎಂದು ಉದಾಹರಣೆ ಕೊಡುತ್ತಾರೆ.

ಉಪ್ಪು ಗೆದ್ದದ್ದಕ್ಕೆ ಕಾರಣವಿದೆ. ಅಯೋಡಿನ್ ಇಲ್ಲದ ಮಣ್ಣಿನಲ್ಲಿ ಏನು ಬೆಳೆದರೂ ಅದು ಬರುವುದಿಲ್ಲ, ಹೊರಗಿನಿಂದಲೇ ತರಬೇಕು. ಕಬ್ಬಿಣದ ಮಾತು ಬೇರೆ. ನಮ್ಮ ಹೊಲ ಅದನ್ನು ಕೊಡುತ್ತದೆ, ನಮ್ಮ ತಟ್ಟೆಗೆ ಅದು ತಲುಪುತ್ತಿಲ್ಲ. ಇನ್ನು ರಕ್ತಹೀನತೆಯೆಲ್ಲ ಕಬ್ಬಿಣದ ಕೊರತೆಯೇ ಎಂಬುದೂ ತಪ್ಪು ಲೆಕ್ಕ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ರಕ್ತಹೀನತೆ ಕಂಡ ಮಕ್ಕಳಲ್ಲಿ ಕಬ್ಬಿಣದ ಕೊರತೆಯಿಂದ ಬಳಲುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಉಳಿದವರಲ್ಲಿ ಬಿ12, ಫೋಲೇಟ್ ಕೊರತೆ ಮತ್ತು ಇತರ ಕಾರಣಗಳು. ಅದೇ ಸಮೀಕ್ಷೆಯ ದತ್ತಾಂಶವನ್ನು ಬಳಸಿ ಎಚ್‌.ಪಿ.ಎಸ್. ಸಚದೇವ್, ಬೆಂಗಳೂರಿನ ಸೇಂಟ್ ಜಾನ್ಸ್‌ನ ಅನುರಾ ಕುರ್ಪಾದ್ ಮೊದಲಾದ ಸಂಶೋಧಕರು 2021ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇನ್ನೊಂದು ಮಾತು ಮುಂದಿಟ್ಟರು. ಆರೋಗ್ಯವಾಗಿರುವ ನಮ್ಮ ಮಕ್ಕಳ ಹಿಮೋಗ್ಲೋಬಿನ್ ಮಟ್ಟದ ಕೆಳಮಿತಿಯೇ ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಿಂತ ಕೆಳಗಿದೆ. ಗೆರೆಯನ್ನು ಸರಿಯಾಗಿ ಎಳೆದರೆ ಆ ಸಮೀಕ್ಷೆಯಲ್ಲಿ ಶೇ 30ರಷ್ಟು ಕಾಣುವ ರಕ್ತಹೀನತೆ ಶೇ 11ರ ಆಸುಪಾಸಿಗೆ ಇಳಿಯುತ್ತದೆ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನ ಮಕ್ಕಳ ಮಟ್ಟಿಗೆ ತನ್ನ ಗೆರೆಯನ್ನು ತಾನೇ ಇಳಿಸಿತು. ಬೆರಳು ಚುಚ್ಚಿ ತೆಗೆದ ಹನಿ ರಕ್ತದ ಪರೀಕ್ಷೆಗೂ ರಕ್ತನಾಳದಿಂದ ತೆಗೆದ ರಕ್ತದ ಪರೀಕ್ಷೆಗೂ ಫಲಿತಾಂಶ ಬೇರೆ ಬರುತ್ತದೆ ಎಂಬುದು ವೈದ್ಯರೆಲ್ಲ ಬಲ್ಲದ್ದು. ಕುಟುಂಬ ಆರೋಗ್ಯ ಸಮೀಕ್ಷೆಯದು ಬೆರಳಿನ ರಕ್ತ. ಅಕ್ಕಿಗೆ ಕಬ್ಬಿಣ ಬೆರೆಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ 2019ರ ಕಾಕ್ರೇನ್ ಸಂಸ್ಥೆಯ ವಿಮರ್ಶೆ, ಇದರಿಂದ ರಕ್ತಹೀನತೆಯ ಮೇಲೆ ಆಗುವ ವ್ಯತ್ಯಾಸ ಅಲ್ಪ ಅಥವಾ ಏನೂ ಇಲ್ಲದಿರಬಹುದು ಎಂದಿತು. ಇಷ್ಟು ಸಂಶಯವಿರುವ ಔಷಧವನ್ನು ಒಂದು ಆಸ್ಪತ್ರೆಯಲ್ಲಿ ಕೊಡುವುದಾದರೂ ರೋಗಿಯ ಸಹಿ ಕೇಳುತ್ತಾರೆ. ಇಲ್ಲಿ ಹೊಸ ಸಂಶೋಧನೆಗಳು ಒಂದು ಕಡೆ ಹೊರಳುತ್ತಿದ್ದಾಗ ನಾವು ಇನ್ನೊಂದು ಕಡೆಗೆ ನಾಲ್ಕೂವರೆ ವರ್ಷದ ಹಣ ತೆಗೆದಿಟ್ಟೆವು.

ಬಡವರಿಗೆ ಬೇರೆ ಆಯ್ಕೆ ಇಲ್ಲದಿರುವುದೇ ಇದರಲ್ಲಿ ನನಗೆ ಹೆಚ್ಚು ನೋವಿನ ಸಂಗತಿ. ಥಲಸ್ಸೀಮಿಯಾ, ಕುಡಗೋಲು ಕಣ ರೋಗದಂಥ ರಕ್ತದ ಕಾಯಿಲೆ ಇರುವವರಿಗೆ ಹೆಚ್ಚುವರಿ ಕಬ್ಬಿಣ ತೊಂದರೆ ಕೊಡಬಹುದೆಂದು ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಬೇಕೆಂದು 2018ರ ನಿಯಮವೇ ಹೇಳಿತ್ತು. ಆಮೇಲೆ ಸಮಿತಿಯೊಂದರ ವರದಿ ಹಿಡಿದು ಆ ಎಚ್ಚರಿಕೆಯನ್ನೂ ಕೈಬಿಟ್ಟರು. ಮೈಸೂರು, ಚಾಮರಾಜನಗರದ ಕಾಡಂಚಿನ ಹಾಡಿಗಳಲ್ಲಿ ಕುಡಗೋಲು ಕಣ ರೋಗ ಇದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯನ್ನು ಚೀಲದಿಂದ ತೂಗಿ ಕೊಡುತ್ತಾರೆ. ಪೊಟ್ಟಣವೂ ಇಲ್ಲ, ಬರಹವೂ ಇಲ್ಲ, ‘ಬೆರೆಸದ ಅಕ್ಕಿ ಕೊಡಿ’ ಎಂದು ಕೇಳುವ ಅವಕಾಶವೂ ಇಲ್ಲ.

ಇಷ್ಟು ಹೇಳಿದ್ದಕ್ಕೆ ರಾಜ್ಯದ ಪಡಿತರ ಯೋಜನೆಯಾದ ಅನ್ನಭಾಗ್ಯದ ಮೇಲೆ ಮುಗಿಬೀಳುವವರು ನನ್ನನ್ನು ತಮ್ಮ ಕಡೆಯವನೆಂದು ತಿಳಿಯಬಾರದು. 2013ರ ಜುಲೈನಲ್ಲಿ ಆರಂಭವಾದ ಆ ಯೋಜನೆ ಕೂಲಿಗಳನ್ನು ಸೋಮಾರಿ ಮಾಡಿತು ಎಂಬ ಮಾತನ್ನು ಹೊಟ್ಟೆ ತುಂಬಿದವರ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ. ಒಲೆ ಹೊತ್ತದ ಮನೆಗಳಲ್ಲಿ ಅನ್ನ ಬೆಂದದ್ದು ಅದರಿಂದ. ಅದನ್ನು ಹಿಂತೆಗೆದುಕೊಳ್ಳುವ ಮಾತೇ ಬೇಡ, ಮುಂದಕ್ಕೆ ಒಯ್ಯುವ ಮಾತು ಬೇಕು. ಜಗತ್ತು ಹಸಿವನ್ನು ಅಳೆಯುವ ಬಗೆಯೇ ಬದಲಾಗಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರತಿವರ್ಷ ಹೊರತರುವ ವರದಿ ಈಗ ಎಷ್ಟು ಕ್ಯಾಲೊರಿ ಸಿಕ್ಕಿತೆಂದು ಕೇಳಿ ಸುಮ್ಮನಾಗುವುದಿಲ್ಲ. ಕಾಳು, ಸೊಪ್ಪು, ಹಣ್ಣು, ಹಾಲು ಇರುವ ಒಳ್ಳೆಯ ಊಟವನ್ನು ಕೊಳ್ಳಲು ಎಷ್ಟು ಮಂದಿಗೆ ಶಕ್ತಿ ಇದೆ ಎಂದೂ ಕೇಳುತ್ತದೆ. 2024ರಲ್ಲಿ ಅಂಥ ಊಟ ಎಟುಕದಿದ್ದವರು ಜಗತ್ತಿನಲ್ಲಿ 260 ಕೋಟಿ. ನಾವು ಇನ್ನೂ ಐದು ಕೆ.ಜಿ.ಯೋ ಹತ್ತು ಕೆ.ಜಿ.ಯೋ ಎಂದು ಜಗಳವಾಡುತ್ತಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು ತೀರ್ಮಾನಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ. ಅದರಲ್ಲಿನ ಸಕ್ಕರೆಯ ಜಾಗಕ್ಕೆ ಹುರುಳಿ ಬಂದರೆ ಇನ್ನೂ ಸರಿ.

ಬಿ12 ಮಾತು ಬಂದಾಗ ಮೊಟ್ಟೆಯ ಮಾತೂ ಬರಲೇಬೇಕು. ಈ ಜೀವಸತ್ವ ಸೊಪ್ಪಿನಲ್ಲಿಲ್ಲ, ರಾಗಿಯಲ್ಲಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಶಾಲೆಯ ಮಕ್ಕಳಿಗೆ ಮೊಟ್ಟೆ ಕೊಟ್ಟರೆ ಮಠಗಳಿಂದ ಆಕ್ಷೇಪ, ನೆರೆಯ ಮಂಡ್ಯದ ಆಲಕೆರೆಯಲ್ಲಿ 2025ರಲ್ಲಿ ಪೋಷಕರು ಮಕ್ಕಳ ವರ್ಗಾವಣೆ ಪತ್ರ ಪಡೆಯುವ ಮಟ್ಟಕ್ಕೆ ಜಗಳ. ಅದೇ ಬಿ12 ಅನ್ನು ಪುಡಿ ಮಾಡಿ ಅಕ್ಕಿಗೆ ಸೇರಿಸಿದರೆ ಯಾರ ಆಕ್ಷೇಪವೂ ಇಲ್ಲ. ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ಇದೆ. ತಿನ್ನುವ ಮಗುವಿನ ತಟ್ಟೆಗೆ ಕೈ ಹಾಕುವ ಹಕ್ಕು ಯಾರಿಗೂ ಇಲ್ಲ.

ಈ ಕೆಲಸಕ್ಕೆ ಬೇಕಾದ ಜಾಣ್ಮೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ತೆರೆದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ತನ್ನ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲೇ ಕಡಲೆಕಾಯಿ ಹಿಟ್ಟು ಮತ್ತು ಕಡಲೆ ಹಿಟ್ಟು ಸೇರಿಸಿ ಬಡ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡಿತ್ತು. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ, ರಾಗಿ ಬ್ರಹ್ಮನೆಂದೇ ಹೆಸರಾದ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಗೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎರಡೂ ಸೋಮನಾಥಪುರದಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಜಾಗಗಳು.

ಆದ್ದರಿಂದ ಕೇಳುವುದು ಇಷ್ಟು. ರಾಗಿ ಖರೀದಿ ಕೇಂದ್ರಗಳಲ್ಲೇ ಹುರುಳಿ, ಅವರೆಯನ್ನೂ ರಾಜ್ಯ ಸರ್ಕಾರ ಬೆಲೆ ನಿಗದಿ ಮಾಡಿ ತೂಗಿಸಿಕೊಳ್ಳಲಿ, ಅದನ್ನು ಅದೇ ತಾಲ್ಲೂಕಿನ ಪಡಿತರಕ್ಕೆ, ಅಂಗನವಾಡಿಗೆ ಕೊಡಲಿ. ಬೆರೆಸದ ಅಕ್ಕಿ ಬೇಕೆನ್ನುವ ಕಾರ್ಡುದಾರರಿಗೆ ಅದು ಸಿಗಲಿ. ಮುಂದಿನ ಮುಂಗಾರಿನಿಂದ ತಿ. ನರಸೀಪುರ ತಾಲ್ಲೂಕಿನ ಒಂದು ಹೋಬಳಿಯ ಮಕ್ಕಳಿಗೆ ರಾಗಿ, ಕಾಳು, ಸೊಪ್ಪು, ಮೊಟ್ಟೆಯ ಊಟವನ್ನೂ ಇನ್ನೊಂದು ಹೋಬಳಿಯಲ್ಲಿ ಈಗಿನ ಸಾರವರ್ಧಿತ ಅಕ್ಕಿಯ ಊಟವನ್ನೂ ಒಂದು ವರ್ಷ ಕೊಟ್ಟು ನೋಡಲಿ. ತಂದೆತಾಯಿಯ ಒಪ್ಪಿಗೆ ಪಡೆದು, ಮೊದಲು ಮತ್ತು ಕೊನೆಗೆ ರಕ್ತನಾಳದಿಂದ ರಕ್ತ ತೆಗೆದು ಪರೀಕ್ಷಿಸಲಿ. ಬಂದ ಫಲಿತಾಂಶವನ್ನು ಎರಡೂ ಹೋಬಳಿಗಳ ಗ್ರಾಮಸಭೆಗಳಲ್ಲಿ ಕನ್ನಡದಲ್ಲಿ ಓದಲಿ.