ಮನೆ ಮೇಲೆ ಉಪಗ್ರಹ ಆಂಟೆನಾ: ಕಲಿಯೋಕೆ ಹಾಕಿ, ಅದನ್ನೇ ನಂಬಿ ಔಷಧಿ ಹೊಡೆಯಬೇಡಿ

ಮಹಡಿ ಮೇಲೆ ಆಂಟೆನಾ ಕಟ್ಟಿ ಹವಾಮಾನ ಉಪಗ್ರಹದ ಚಿತ್ರವನ್ನು ನೇರವಾಗಿ ಇಳಿಸಿಕೊಳ್ಳುವ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಇದು ನಿಜಕ್ಕೂ ಆಗುವ ಕೆಲಸ. ಆದರೆ ಇದರಿಂದ ಮಳೆ ಮುನ್ಸೂಚನೆ ಸಿಗುತ್ತೆ ಅಂದುಕೊಂಡು ದುಡ್ಡು ಹಾಕಬೇಡಿ.

ಬೇಕಾಗೋದು ಇಷ್ಟೇ: ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಸುಮಾರು 53 ಸೆಂ.ಮೀ. ಉದ್ದದ ಎರಡು ಕಡ್ಡಿಗಳನ್ನು 120 ಡಿಗ್ರಿ ಕೋನದಲ್ಲಿ ಜೋಡಿಸಿದ ಆಂಟೆನಾ, ಸ್ಯಾಟ್‌ಡಂಪ್ ಎಂಬ ಉಚಿತ ತಂತ್ರಾಂಶ. ಒಟಿಜಿ ಕೇಬಲ್ ಇದ್ದರೆ ಆಂಡ್ರಾಯ್ಡ್ ಫೋನಿನಲ್ಲೂ ನಡೆಯುತ್ತೆ. ಹಳೆಯ ವಿಡಿಯೋ ನೋಡಿ ಮೋಸಹೋಗಬೇಡಿ. ಅವುಗಳಲ್ಲಿ ತೋರಿಸುವ ಅಮೆರಿಕದ ನೋವಾ-15, 18, 19 ಉಪಗ್ರಹಗಳು 2025ರಲ್ಲೇ ನಿವೃತ್ತಿಯಾಗಿವೆ. ಈಗ 137 ಮೆಗಾಹರ್ಟ್ಸ್‌ನಲ್ಲಿ ಹುಡುಕಬೇಕಾದ್ದು ರಷ್ಯಾದ ಮೆಟಿಯೋರ್-ಎಂ ಉಪಗ್ರಹಗಳನ್ನು.

ಇವು ಧ್ರುವದಿಂದ ಧ್ರುವಕ್ಕೆ ಸುತ್ತುವಂಥವು. ನಮ್ಮ ತಲೆ ಮೇಲೆ ದಿನಕ್ಕೆ ಕೆಲವೇ ಸಲ, ಪ್ರತಿ ಸಲ ಹತ್ತು-ಹದಿನೈದು ನಿಮಿಷ ಹಾದುಹೋಗುತ್ತವೆ. ಮಧ್ಯಾಹ್ನ ಎರಡು ಗಂಟೆಗೆ ಹುಟ್ಟಿ ನಾಲ್ಕಕ್ಕೆ ಸುರಿಯುವ ಮುಂಗಾರುಪೂರ್ವ ಗುಡುಗುಮಳೆ ಇವುಗಳ ಕಣ್ಣಿಗೆ ಬೀಳದೇ ಹೋಗಬಹುದು. ನಮ್ಮದೇ ಇನ್ಸಾಟ್ ಉಪಗ್ರಹಗಳು 36 ಸಾವಿರ ಕಿ.ಮೀ. ಎತ್ತರದಲ್ಲಿ ನಿಂತು ಇಡೀ ದಿನ ನಮ್ಮನ್ನೇ ನೋಡುತ್ತಿರುತ್ತವೆ. ಅರ್ಧ ಗಂಟೆಗೊಮ್ಮೆ ಬರುವ ಆ ಚಿತ್ರಗಳು ಹವಾಮಾನ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ.

ಇನ್ನೊಂದು ವಿಷಯ. ಉಪಗ್ರಹ ತೋರಿಸೋದು ಮೋಡವನ್ನು, ಮಳೆಯನ್ನಲ್ಲ. ಅತಿಗೆಂಪು ಚಿತ್ರದಲ್ಲಿ ಬೆಳ್ಳಗೆ ಕಂಡರೆ ಮೋಡದ ನೆತ್ತಿ ತಣ್ಣಗಿದೆ, ಅಂದರೆ ಎತ್ತರದಲ್ಲಿದೆ ಅಂತ ಅರ್ಥ. ಹತ್ತಿಯ ಎಳೆಯಂಥ ತೆಳು ಮೋಡವೂ ಹಾಗೇ ಬೆಳ್ಳಗೆ ಕಾಣುತ್ತೆ, ಆದರೆ ಒಂದು ಹನಿಯೂ ಉದುರಲ್ಲ. ಮಲೆನಾಡಿನಲ್ಲಿ ಆಷಾಢದ ತಗ್ಗುಮೋಡ ಬರೀ ಬೂದುಬಣ್ಣದಲ್ಲಿ ಕಾಣುತ್ತೆ, ದಿನವಿಡೀ ಜಿಟಿಜಿಟಿ ಹಿಡಿಯುತ್ತೆ. ಇಂಥ ಬೂದುಬಣ್ಣವನ್ನು ಹೊಳವು ಅಂತ ತಿಳಿದು ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದರೆ ಮೈಲುತುತ್ತವೂ ಹೋಯ್ತು, ಮರ ಹತ್ತಿದವರ ಕೂಲಿಯೂ ಹೋಯ್ತು.

ಸಿಂಪಡಣೆ ತೀರ್ಮಾನಕ್ಕೆ ಮಂಗಳವಾರ, ಶುಕ್ರವಾರ ಬರುವ ಮೇಘದೂತ್ ಆ್ಯಪ್‌ನ ಸಲಹೆ ನೋಡಿ. ಹೊರಡುವ ಮುಂಚೆ, ನಿಮ್ಮ ಊರು ವ್ಯಾಪ್ತಿಯಲ್ಲಿದ್ದರೆ, ರೇಡಾರ್ ಚಿತ್ರ ನೋಡಿ.

ಹಾಗಾದ್ರೆ ಆಂಟೆನಾ ಯಾಕೆ? ಮೋಡ ಓದುವ ಕಣ್ಣು ಬರೋಕೆ. ಒಬ್ಬೊಬ್ಬರೇ ಕೊಳ್ಳುವ ಬದಲು ಊರಿನ ನಾಲ್ಕು ಜನ ಸೇರಿ, ಶಾಲೆ ಮಕ್ಕಳನ್ನೂ ಕರೆದು ಒಂದೇ ಕಟ್ಟಿ. ಪಕ್ಕದಲ್ಲಿ ಒಂದು ಮಳೆಮಾಪಕ ಇಡಿ. ಒಂದು ಮಳೆಗಾಲ ಪೂರ್ತಿ ಚಿತ್ರದಲ್ಲಿ ಕಂಡದ್ದನ್ನೂ ಮಾಪಕದಲ್ಲಿ ಬಿದ್ದದ್ದನ್ನೂ ಒಂದೇ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಯಾವ ಮೋಡಕ್ಕೆ ಹೆದರಬೇಕು ಅನ್ನೋದು ನಿಮಗೇ ಗೊತ್ತಾಗಿರುತ್ತೆ.