ಹಳ್ಳಿಯಲ್ಲಿ ಕೇಳಬಹುದಾದ ಲೆಕ್ಕ ಪೇಟೆಯಲ್ಲಿ ಯಾಕೆ ಕೇಳುವ ಹಾಗಿಲ್ಲ?

ನಮ್ಮ ಕಡೆ ಉಂಡೆ ಕೊಬ್ಬರಿಯನ್ನು ಯಾರೂ ಬರೀ ಕಣ್ಣಲ್ಲಿ ನೋಡಿ ನಂಬಲ್ಲ. ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸ್ತಾರೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಅಂತ. ತಿಪಟೂರು ಮಾರುಕಟ್ಟೆಯಲ್ಲಿ ಇವತ್ತು ಕ್ವಿಂಟಲ್ ಎಷ್ಟಕ್ಕೆ ಹೋಯ್ತು ಅನ್ನೋದು ಸಂಜೆಯೊಳಗೆ ತುರುವೇಕೆರೆಯ ಮೂಲೆ ತೋಟದವರಿಗೂ ಗೊತ್ತಿರುತ್ತೆ. ಅದೇ ಜನರನ್ನ, ನಿಮ್ಮ ಮನೆ ಮುಂದಿನ ಚರಂಡಿಗೆ ಎಷ್ಟು ದುಡ್ಡು ಬಂತು ಅಂತ ಕೇಳಿ ನೋಡಿ. ಮುಖ ಮುಖ ನೋಡ್ಕೋತಾರೆ.

ಇದು ಜನರ ಸೋಮಾರಿತನ ಅಂತ ಕೆಲವರು ಹೇಳ್ತಾರೆ. ನಾನು ಒಪ್ಪಲ್ಲ. ಕೇಳೋಕೆ ಒಂದು ಜಾಗವೇ ಇಲ್ಲ, ಅದು ಸಮಸ್ಯೆ.

1992ರ 74ನೇ ತಿದ್ದುಪಡಿ ನಗರಗಳಿಗೆ ವಾರ್ಡ್ ಸಮಿತಿ ಕೊಟ್ಟಿತು ಅಂತ ಪುಸ್ತಕದಲ್ಲಿ ಓದಿರ್ತೀವಿ. ಆದರೆ ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ. ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ಮೂರನ್ನೂ ಕೂಡಿಸಿದರೂ 2011ರ ಜನಗಣತಿಯಲ್ಲಿ ಸಿಗುವುದು ಒಂದು ಲಕ್ಷದ ಆಸುಪಾಸು. ರಾಜ್ಯದಲ್ಲಿ ವಾರ್ಡ್ ಸಮಿತಿಯ ಕಲಂ, 13ಎಚ್, ಇರುವುದು 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಲ್ಲಿ. ನಮ್ಮ ಮೂರು ಊರು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಲ್ಲಿ. ದುಡ್ಡಿಗೆ ಮಾತ್ರ ಈ ಭೇದ ಇಲ್ಲ. ನಗರೋತ್ಥಾನ ಸಣ್ಣ ಊರಿಗೂ ಬರುತ್ತೆ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0 ನಗರ ಸ್ಥಳೀಯ ಸಂಸ್ಥೆ ಇರುವ ಎಲ್ಲ ಊರುಗಳನ್ನೂ ಒಳಗೆ ತಗೊಂಡಿದೆ.

ಸಮಿತಿ ಇದ್ದ ಕಡೆ ಏನಾಯ್ತು? ನಮ್ಮ ಜಿಲ್ಲಾ ಕೇಂದ್ರವನ್ನೇ ನೋಡಿ. ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೇಂದ್ರದ ಮಾರ್ಗಸೂಚಿಯಂತೆ ಪ್ರತಿ ಸ್ಮಾರ್ಟ್ ಸಿಟಿಗೂ ಒಂದು ಸಲಹಾ ವೇದಿಕೆ ಇರಬೇಕಿತ್ತು. ಅದರಲ್ಲಿ ಜಿಲ್ಲಾಧಿಕಾರಿ, ಸಂಸದ, ಶಾಸಕ, ಮೇಯರ್ ಜೊತೆಗೆ ಸ್ಥಳೀಯ ಯುವಜನರು, ಬಡಾವಣೆ ಸಂಘದವರು, ಕೊಳೆಗೇರಿ ಒಕ್ಕೂಟದವರು ಕೂರಬೇಕಿತ್ತು. ಓದೋಕೆ ಚೆನ್ನಾಗಿದೆ. ಆದರೆ ವೇದಿಕೆಯ ಸಂಚಾಲಕರು ಯಾರು? ಕಾಮಗಾರಿ ಮಾಡಿಸುತ್ತಿದ್ದ ಅದೇ ಕಂಪನಿಯ ಸಿಇಒ! ಯಾರ ಲೆಕ್ಕ ಕೇಳಬೇಕಿತ್ತೋ ಅವರೇ ಸಭೆ ಕರೆಯಬೇಕಿತ್ತು. ಜೊತೆಗೆ ಹೆಸರಲ್ಲೇ 'ಸಲಹಾ' ಅಂತಿತ್ತು. ಸಲಹೆ ಕೇಳದಿದ್ದರೆ ಯಾವ ಬಿಲ್ಲೂ ನಿಲ್ಲುತ್ತಿರಲಿಲ್ಲ. ವಾರ್ಡ್ ಸಮಿತಿಯ ಕತೆಯೂ ಸಲೀಸಲ್ಲ, ಮಂಗಳೂರಿನಲ್ಲಿ ಅದು ಬರಬೇಕಾದರೆ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು.

ಈಗ ಪೇಟೆ ದಾಟಿ ಎರಡು ಕಿಲೋಮೀಟರ್ ತೋಟದ ಕಡೆ ಬನ್ನಿ. ಅಲ್ಲಿ ಗ್ರಾಮ ಪಂಚಾಯಿತಿ ಇದೆ, ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಲೇಬೇಕು ಅಂತ ಕಾಯ್ದೆ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಸಾಮಾಜಿಕ ಪರಿಶೋಧನೆಯ ಹಕ್ಕನ್ನು ಅದೇ ಗ್ರಾಮಸಭೆಯ ಕೈಗೆ ಕೊಟ್ಟಿತು. ಕಟ್ಟೆ ಮೇಲೆ ಶಾಮಿಯಾನ ಹಾಕಿ, ಚೆಕ್‌ಡ್ಯಾಮ್ ಉದ್ದ ಎಷ್ಟು, ಕೂಲಿ ಯಾರ ಖಾತೆಗೆ ಹೋಯ್ತು ಅಂತ ಗಟ್ಟಿಯಾಗಿ ಓದಿಸಬಹುದು. ಎಷ್ಟೋ ಗ್ರಾಮಸಭೆಗಳು ಸಹಿ-ಟೀಯಲ್ಲಿ ಮುಗಿಯುತ್ತವೆ, ನಾನೇ ಕಂಡಿದ್ದೀನಿ. ಆದರೂ ಜಗಳ ಮಾಡೋಕೆ ಒಂದು ದಿನ, ಒಂದು ಜಾಗ ಇದೆ. ಅದೇ ಹಳ್ಳಿ ನಾಳೆ ನಗರಸಭೆಗೆ ಸೇರಿದರೆ? ಕಂದಾಯ ಏರುತ್ತೆ, ಗ್ರಾಮಸಭೆ ಹೋಗುತ್ತೆ. ಇದಕ್ಕೆ 'ಬೆಳವಣಿಗೆ' ಅಂತ ಹೆಸರು.

ಹಾಗಾಗಿ ನನ್ನ ಪ್ರಕಾರ ನಮ್ಮ ಊರುಗಳಿಗೆ ಇನ್ನೊಂದು ಸಲಹಾ ಸಮಿತಿ ಬೇಡ. ಅದು ಸದಸ್ಯರ ಹಿಂಬಾಲಕರಿಗೆ ಕುರ್ಚಿ ಆಗುತ್ತೆ ಅಷ್ಟೆ. ಬೇಕಾಗಿರೋದು ಪೇಟೆಗೂ ಸಾಮಾಜಿಕ ಪರಿಶೋಧನೆ. ವಾರ್ಡ್‌ನ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಹತ್ತು ಜನರನ್ನು ಆರಿಸಿ, ಅವರು ನೋಡಿ ಸಹಿ ಹಾಕುವ ತನಕ ಕಂಟ್ರಾಕ್ಟರ್‌ಗೆ ಕೊನೇ ಕಂತು ಕೊಡಬೇಡಿ. ಆಗದ ಮಾತೇನಲ್ಲ. ಮೇಘಾಲಯ 2017ರಲ್ಲೇ ಸರ್ಕಾರಿ ಯೋಜನೆಗಳ ಸಾಮಾಜಿಕ ಪರಿಶೋಧನೆಗೆ ಅಂತಲೇ ಕಾಯ್ದೆ ತಂದಿದೆ.

ಕಾಯ್ದೆ ಬರೋವರೆಗೆ? ಓದುವಾಗ ನಾನು ಬಾಡಿಗೆಗಿದ್ದ ಊರೊಂದರಲ್ಲಿ ಹೊಸ ಕಾಂಕ್ರೀಟ್ ಚರಂಡಿ ಒಂದೇ ಮಳೆಗಾಲಕ್ಕೆ ಬಾಯಿ ಬಿಟ್ಟಿತ್ತು. ಕಚೇರಿಗೆ ಹೋದರೆ 'ಕಂಟ್ರಾಕ್ಟರ್‌ನ ಕೇಳಿ' ಅಂದ್ರು. ಕಂಟ್ರಾಕ್ಟರ್ ಯಾರು ಅಂತ ಬೋರ್ಡೂ ಇರಲಿಲ್ಲ. ಮಾಹಿತಿ ಹಕ್ಕು ಅಂದರೆ ಬರೀ ಕಾಗದದ ನಕಲು ಅಂದುಕೊಂಡಿದ್ದೆ. ಆ ಕಾಯ್ದೆಯ 2(ಜೆ) ಓದಿದಾಗ ಆಶ್ಚರ್ಯ ಆಯ್ತು: ಕಾಮಗಾರಿಯನ್ನೇ ಹೋಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು. ಅಂದಾಜು ಪಟ್ಟಿ, ಅಳತೆ ಪುಸ್ತಕ, ಚರಂಡಿಯ ಕಾಂಕ್ರೀಟ್ ಮಾದರಿ, ಇಷ್ಟು ಕೇಳೋಕೆ ಅದರ ಕಾಲು ಭಾಗ ಸಾಕು.