ಔರಾದ್‌ನ ಬಡತನಕ್ಕೆ 2008ರ ಅಳತೆಗೋಲು

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿ ಕಬ್ಬಿನ ಕಟಾವು ಶುರುವಾದರೆ ಹುಣಜಿಯ ಸಕ್ಕರೆ ಕಾರ್ಖಾನೆಯ ದಾರಿ ತುಂಬ ಟ್ರ್ಯಾಕ್ಟರ್‌ಗಳು. ಎರೆ ಹೊಲದಲ್ಲಿ ಹಸಿ ಆರದಿದ್ದರೆ ರಸ್ತೆ ಮುಟ್ಟುವ ಮೊದಲೇ ಒಂದೆರಡು ಹೂತುಕೊಳ್ಳುತ್ತವೆ. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಗಾಲಿ ಅಲ್ಲಾಡುವುದೇ ಇಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಪಳಗಿದ ಚಾಲಕನಾದರೆ ಹಿಮ್ಮಡಿಗೆ ಸಿಗುವ ಸಣ್ಣ ಪೆಡಲ್ ತುಳಿಯುತ್ತಾನೆ. ಅದೇ ಡಿಫರೆನ್ಷಿಯಲ್ ಲಾಕ್. ಎರಡೂ ಗಾಲಿ ಜೊತೆಯಾಗಿ ತಿರುಗಿ ಗಾಡಿ ಮೇಲೆದ್ದು ಬರುತ್ತದೆ.

ಡಿಫರೆನ್ಷಿಯಲ್ ಎಂಬುದು ಹಿಂದಿನ ಅಚ್ಚಿನ ನಡುವೆ ಕೂತ ಹಲ್ಲುಗಾಲಿಗಳ ಗುಂಪು. ಗಾಡಿ ಹೊರಳುವಾಗ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಟೈರು ಸವೆಯುತ್ತದೆ, ಗಾಡಿ ತಿರುಗಲು ಹಟ ಮಾಡುತ್ತದೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ 1828ರಲ್ಲಿ ಉಗಿಗಾಡಿಗೆಂದು ಇದರ ಪೇಟೆಂಟ್ ಪಡೆದ. ಇದಕ್ಕೊಂದು ಕೊರತೆಯೂ ಇದೆ: ಒಂದು ಗಾಲಿ ನೆಲದ ಹಿಡಿತ ಕಳೆದುಕೊಂಡರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಲಾಕ್ ಬೇಕಾದದ್ದು ಅದಕ್ಕೆ. ಆದರೆ ಲಾಕ್ ಹಾಕಿಕೊಂಡೇ ತಿರುವು ತೆಗೆಯುವುದು ಅಪಾಯ. ಗಾಲಿಗಳನ್ನು ಯಾವಾಗ ಬೇರೆ ಬೇರೆ ವೇಗಕ್ಕೆ ಬಿಡಬೇಕು, ಯಾವಾಗ ಬಿಡಬಾರದು ಎಂಬುದನ್ನು ಚಾಲಕ ಆಗಿನ ನೆಲ ನೋಡಿ ತೀರ್ಮಾನಿಸುತ್ತಾನೆ.

ಡಿಫರೆನ್ಷಿಯಲ್ ಎಂಬ ಹೆಸರು ಬೀದರ್ ನಗರದ ಆಸ್ಪತ್ರೆಗಳಲ್ಲೂ ದಿನಾ ಕಿವಿಗೆ ಬೀಳುತ್ತದೆ. ಜ್ವರವೆಂದು ಅಲ್ಲಿನ ಸರ್ಕಾರಿ ಆಸ್ಪತ್ರೆ ಬ್ರಿಮ್ಸ್‌ಗೆ ಬಂದವರ ರಕ್ತದ ವರದಿಯಲ್ಲಿ ಐದು ಬಗೆಯ ಬಿಳಿ ರಕ್ತಕಣಗಳ ಪ್ರಮಾಣವನ್ನು ಶೇಕಡಾವಾರು ಬರೆದಿರುತ್ತಾರಲ್ಲ, ಅದು ಡಿಫರೆನ್ಷಿಯಲ್ ಕೌಂಟ್. ಡೆಂಗಿಯೋ, ಮಲೇರಿಯಾವೋ, ಟೈಫಾಯ್ಡೋ ಎಂದು ವೈದ್ಯರು ಒಂದೊಂದನ್ನೇ ತಳ್ಳಿಹಾಕುತ್ತ ಹೋಗುವುದು ಡಿಫರೆನ್ಷಿಯಲ್ ಡಯಾಗ್ನೊಸಿಸ್. ಹೋದ ವರ್ಷದ ವರದಿ ನೋಡಿ ಇವತ್ತಿನ ಜ್ವರಕ್ಕೆ ಯಾವ ವೈದ್ಯರೂ ಮದ್ದು ಬರೆಯುವುದಿಲ್ಲ.

ಸರ್ಕಾರ ಮಾತ್ರ ಬರೆಯುತ್ತದೆ.

1972ರಲ್ಲಿ ಕೇಂದ್ರ ಸರ್ಕಾರ ‘ಡಿಫರೆನ್ಷಿಯಲ್ ರೇಟ್ ಆಫ್ ಇಂಟರೆಸ್ಟ್’ ಎಂಬ ಯೋಜನೆ ತಂದಿತು. ಬ್ಯಾಂಕಿನವರ ಬಾಯಲ್ಲಿ ಅದು ಡಿಆರ್‌ಐ. ಕಡುಬಡವರಿಗೆ ಶೇ 4ರ ಬಡ್ಡಿಯಲ್ಲಿ, ಅಡಮಾನ ಕೇಳದೆ ಸಾಲ ಕೊಡುವುದು ಇದರ ಉದ್ದೇಶ. ಹಿಂದಿನ ವರ್ಷದ ಕೊನೆಗೆ ಬಾಕಿ ಇದ್ದ ಒಟ್ಟು ಸಾಲದ ಶೇ 1ರಷ್ಟನ್ನು ಬ್ಯಾಂಕುಗಳು ಇದಕ್ಕೆ ಎತ್ತಿಡಬೇಕು. ಅದರಲ್ಲಿ ಶೇ 40 ಪರಿಶಿಷ್ಟ ಜಾತಿ, ಪಂಗಡದವರಿಗೆ ಹೋಗಬೇಕು. ಬೀದರ್ ಜಿಲ್ಲೆಯದೇ ಆದ ಔರಾದ್ ತಾಲ್ಲೂಕಿನ ತಾಂಡಾಗಳಲ್ಲಿ ಎರಡು ಆಡು ಕಟ್ಟಲು, ಹೊಲಿಗೆ ಯಂತ್ರ ಕೊಳ್ಳಲು, ತರಕಾರಿ ಗಾಡಿ ಇಡಲು ಹವಣಿಸುವವರಿಗೆ ಇದಕ್ಕಿಂತ ಒಳ್ಳೆಯ ಸಾಲ ಕಾಗದದ ಮೇಲೆ ಇನ್ನೊಂದಿಲ್ಲ.

ಕಾಗದದ ಮೇಲೆ ಎನ್ನಲು ಕಾರಣವಿದೆ. 2007ರಲ್ಲಿ ಸಾಲದ ಮಿತಿಯನ್ನು 15,000 ರೂಪಾಯಿಗೆ ಏರಿಸಲಾಯಿತು. ಮರುವರ್ಷ ಆದಾಯದ ಮಿತಿ ಹಳ್ಳಿಗಳಲ್ಲಿ ವರ್ಷಕ್ಕೆ 18,000, ಪಟ್ಟಣಗಳಲ್ಲಿ 24,000 ರೂಪಾಯಿ ಆಯಿತು. ಬ್ಯಾಂಕುಗಳ ನಿಯಮಪಟ್ಟಿಯಲ್ಲಿ ಅಂಕಿ ಅಲ್ಲಿಗೇ ನಿಂತಿದೆ. ಅಂದರೆ ಹಳ್ಳಿಯ ಇಡೀ ಕುಟುಂಬದ ಗಳಿಕೆ ತಿಂಗಳಿಗೆ 1,500 ರೂಪಾಯಿ ದಾಟಬಾರದು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಮನೆಯ ಒಬ್ಬರು 49 ದಿನ ಮಣ್ಣು ಹೊತ್ತರೆ 18,130 ರೂಪಾಯಿ. ಅಲ್ಲಿಗೆ ಆ ಕುಟುಂಬ ಡಿಆರ್‌ಐ ಲೆಕ್ಕದಲ್ಲಿ ಬಡವರ ಸಾಲಿನಿಂದ ಹೊರಗೆ. ರಾಜ್ಯದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000 ರೂಪಾಯಿ ಕೊಡುತ್ತದೆ. ಅದನ್ನು ಆದಾಯವೆಂದು ಎಣಿಸಲಿ, ಬಿಡಲಿ, ಒಂದು ಸರ್ಕಾರ ಬಡವರಿಗೆ ಕೊಡುವ ನೆರವೇ ಇನ್ನೊಂದು ಸರ್ಕಾರ ಹಳ್ಳಿಗೆ ಗೆರೆ ಎಳೆದ ಬಡತನಕ್ಕಿಂತ ದೊಡ್ಡದಾಗಿದೆ.

ಹೀಗೆ ಬ್ಯಾಂಕಿನ ಬಾಗಿಲಿನಿಂದ ವಾಪಸಾದವರು ಸೇರುವುದು ಮೈಕ್ರೊ ಫೈನಾನ್ಸ್‌ನ ವಾರದ ಕಂತಿನ ಗುಂಪನ್ನು. ಅಲ್ಲಿ ಬಡ್ಡಿ ಶೇ 20ನ್ನು ದಾಟುತ್ತದೆ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ವಸೂಲಿಗಾರರಿಗೆ ಕಡಿವಾಣ ಬಿತ್ತು, ಸರಿ. ಶೇ 4ರ ಸಾಲದ ಬಾಗಿಲು ತೆರೆಯಲಿಲ್ಲ.

ಅಂಕಿ ಬದಲಿಸುವುದು ಸರ್ಕಾರಗಳಿಗೆ ಕಷ್ಟವೇನಲ್ಲ. ಡೀಸೆಲ್ ತೆರಿಗೆಯನ್ನೇ ನೋಡಿ. ಔರಾದ್ ತಾಲ್ಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಡೀಸೆಲ್ ಮೇಲೆ ತೆಲಂಗಾಣದ ತೆರಿಗೆ ಶೇ 27. ಕರ್ನಾಟಕದ್ದು 2024ರ ಜೂನ್‌ನಲ್ಲಿ ಶೇ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿತು. ವರ್ಷದೊಳಗೆ ಎರಡು ಸಲ! ಬೊಕ್ಕಸಕ್ಕೆ ಬರಬೇಕಾದ ಹಣವಾದರೆ ಪರಿಷ್ಕರಣೆ ರಾತ್ರೋರಾತ್ರಿ ಆಗುತ್ತದೆ. ಬಡವರಿಗೆ ಕೊಡಬೇಕಾದ ಸಾಲದ ಮಿತಿ ಹದಿನೇಳು ವರ್ಷಕ್ಕೂ ಹೆಚ್ಚು ಕಾದರೂ ಕದಲುವುದಿಲ್ಲ.

ಪ್ರಾದೇಶಿಕ ಅಸಮತೋಲನದ ಕತೆಯೂ ಇದೇ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. 35 ಸೂಚಕಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿತು. ಆ 39ರಲ್ಲಿ ಬೀದರ್ ಜಿಲ್ಲೆಯವು ನಾಲ್ಕು: ಔರಾದ್, ಭಾಲ್ಕಿ, ಬಸವಕಲ್ಯಾಣ, ಹುಮನಾಬಾದ್. ಬೀದರ್ ತಾಲ್ಲೂಕಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಒಂದೇ ಜಿಲ್ಲೆಯೊಳಗೆ ಎಷ್ಟು ಅಂತರವಿದೆ ಎಂಬುದನ್ನು ಅಂಕಿಯಲ್ಲಿ ತೋರಿಸಿದ್ದು ಆ ವರದಿಯ ದೊಡ್ಡ ಕೆಲಸ. ಜಿಲ್ಲೆಯ ಸರಾಸರಿಯನ್ನಷ್ಟೇ ನೋಡಿದ್ದರೆ ಔರಾದ್ ಕಾಣುತ್ತಲೇ ಇರಲಿಲ್ಲ.

ಆ ಅಂತರ ಇಂದಿಗೂ ಕಣ್ಣಿಗೆ ರಾಚುತ್ತದೆ. ಬೀದರ್ ನಗರಕ್ಕೆ ವೈದ್ಯಕೀಯ ಕಾಲೇಜು, ಪಶುವೈದ್ಯಕೀಯ ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ ಬಂದಿವೆ. 2017ರಲ್ಲಿ ಕಲಬುರ್ಗಿಗೆ ನೇರ ರೈಲು ಮಾರ್ಗವೂ ಆಯಿತು. ಭಾಲ್ಕಿಗೆ ಹಳೆಯ ರೈಲು ಮಾರ್ಗ, ಸಕ್ಕರೆ ಕಾರ್ಖಾನೆ, ಕಾರಂಜಾ ಜಲಾಶಯ ಇವೆ. ನಿಜಾಮರ ಕಾಲದಲ್ಲೇ ಕನ್ನಡ ಕಲಿಸಿದ ಹಿರೇಮಠದ ಶಾಲೆಗಳ ಪರಂಪರೆ ಇದೆ. ನಗರದಿಂದ ಸುಮಾರು 40 ಕಿಲೊಮೀಟರ್ ದೂರದ ಔರಾದ್ ಪಟ್ಟಣಕ್ಕೆ ರೈಲೇ ಇಲ್ಲ. ಅತ್ಯಂತ ಹಿಂದುಳಿದ ತಾಲ್ಲೂಕು ಎಂಬ ಒಂದೇ ಹಣೆಪಟ್ಟಿ ಹೊತ್ತ ಭಾಲ್ಕಿ ಮತ್ತು ಔರಾದ್ ಇಂದು ಒಂದೇ ಸ್ಥಿತಿಯಲ್ಲಿಲ್ಲ.

ಆದರೂ ತಾಲ್ಲೂಕುಗಳಿಗೆ ವಿಶೇಷ ಅನುದಾನ ಹಂಚುವಾಗ ಅಧಿಕಾರಿಗಳು ಬಹುಕಾಲ ಕೈಗೆತ್ತಿಕೊಂಡಿದ್ದು ನಂಜುಂಡಪ್ಪ ಸೂಚ್ಯಂಕವನ್ನೇ. ಅದನ್ನು ಲೆಕ್ಕ ಹಾಕಿದಾಗ ಜಿಲ್ಲೆಯಲ್ಲಿ ಐದು ತಾಲ್ಲೂಕುಗಳಿದ್ದವು, ಈಗ ಎಂಟಿವೆ. ಔರಾದ್‌ನಿಂದ ಬೇರೆಯಾದ ಕಮಲನಗರಕ್ಕೆ ರೈಲು ನಿಲ್ದಾಣವಿದೆ. ಅದು ಹೋದ ಮೇಲೆ ಉಳಿದ ಔರಾದ್‌ನ ನಿಜಸ್ಥಿತಿ ಏನು ಎಂಬುದಕ್ಕೆ ಆ ಹಳೆಯ ಸೂಚ್ಯಂಕದಲ್ಲಿ ಉತ್ತರ ಸಿಗುವುದಿಲ್ಲ. 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಹೊಸ ಸಮಿತಿ ರಚಿಸಿದ್ದು ಸರಿಯಾದ ಹೆಜ್ಜೆ. ನಡುವೆ ಕಳೆದುಹೋದ ಎರಡು ದಶಕಕ್ಕೆ ಮಾತ್ರ ಯಾರೂ ಜವಾಬು ಕೊಟ್ಟಿಲ್ಲ.

ನೌಕರರ ಸಂಬಳದ ಚೀಟಿಯಲ್ಲೂ ಒಂದು ವ್ಯತ್ಯಾಸ ಕೂತಿದೆ. 2024ರ ಆಗಸ್ಟ್‌ನಿಂದ ರಾಜ್ಯ ನೌಕರರ ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಮೂಲ ವೇತನದ ಶೇ 20, ಸಣ್ಣ ಊರುಗಳಲ್ಲಿ ಶೇ 7.5. ಮೂಲ ವೇತನ 27,000 ರೂಪಾಯಿ ಇರುವವರಿಗೆ ಬೆಂಗಳೂರಿನಲ್ಲಿ 5,400, ಔರಾದ್‌ನಲ್ಲಿ 2,025. ಬೆಂಗಳೂರಿನ ಬಾಡಿಗೆ ದುಬಾರಿ ಎಂಬುದನ್ನು ಒಪ್ಪಲೇಬೇಕು. ಆದರೆ ಬಾಡಿಗೆಗೆ ತಕ್ಕಂತೆ ಭತ್ಯೆ ಬೇರೆ ಮಾಡಬಹುದಾದರೆ ಗಡಿ ತಾಲ್ಲೂಕಿನಲ್ಲಿ ನೆಲೆ ನಿಂತು ಪಾಠ ಹೇಳುವ ಶಿಕ್ಷಕರಿಗೆ, ರಾತ್ರಿ ಹೆರಿಗೆ ಮಾಡಿಸುವ ನರ್ಸ್‌ಗೆ ಆ ದೂರಕ್ಕೆ ತಕ್ಕ ಭತ್ಯೆಯನ್ನೂ ಕೊಡಬಹುದು.

ಇದು ಓಲೈಕೆ ಎನ್ನುವವರಿದ್ದಾರೆ. ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ ಬೀದರ್ ಸೇರಿದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂದಾಗಲೂ ಹಾಗೆಯೇ ಅಂದಿದ್ದರು. ಆ ವಿಧಿಯಿಂದಲೇ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು ಸೀಟು ಸ್ಥಳೀಯರಿಗೆ ಮೀಸಲಾಯಿತು. ಬೀದರ್‌ನ ಮಕ್ಕಳಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಕೈಗೆಟುಕುವಂತಾಯಿತು.

ಈಗ ಆಗಬೇಕಾದ್ದು ಮೂರು ಕೆಲಸ. ಡಿಆರ್‌ಐ ಆದಾಯ ಮಿತಿಯನ್ನು ಬಿಪಿಎಲ್ ಕಾರ್ಡಿನ ಮಿತಿಗೆ ಜೋಡಿಸಬೇಕು, ಸಾಲದ ಮೊತ್ತವನ್ನು ಒಂದು ಎಮ್ಮೆ ಕೊಳ್ಳುವಷ್ಟಾದರೂ ಏರಿಸಬೇಕು. ಎಂಟು ತಾಲ್ಲೂಕುಗಳ ಹಿಂದುಳಿದ ಸ್ಥಿತಿಯನ್ನು ಐದು ವರ್ಷಕ್ಕೊಮ್ಮೆ ಹೊಸದಾಗಿ ಅಳೆಯಬೇಕು. ಗಡಿ ತಾಲ್ಲೂಕಿನ ಸೇವೆಗೆ ಪ್ರತ್ಯೇಕ ಭತ್ಯೆ ಬರಬೇಕು. ಮೊದಲನೆಯದನ್ನು ಬೀದರ್‌ನ ಸಂಸದರು ದೆಹಲಿಯಲ್ಲಿ ಕೇಳಲಿ; ಉಳಿದೆರಡನ್ನು ಜಿಲ್ಲೆಯ ಶಾಸಕರು ಪಕ್ಷ ಮರೆತು ಮುಂದಿನ ಅಧಿವೇಶನದಲ್ಲೇ ಎತ್ತಲಿ.